ಅಧಿಕಮಾಸ ಕಳೆದು ಹಿಡಿದ ಮನೆ

ಅಕ್ಷರ ತಿದ್ದಿಸಿದ ಗುರುಗಳ ಪಾದಗಳಿಗೆ ಮೊದಲ ವಂದನೆ. ಆ ಅಕ್ಷರಗಳು ಎಪ್ಪತ್ತನಾಲ್ಕರ ಈ ಕಣ್ಣಿಗೂ, ದಪ್ಪ ಕನ್ನಡಕದ ನೆರವಿನಿಂದಲಾದರೂ, ಕಾಣುವಂತೆ ಉಳಿಸಿರುವ ಭಗವಂತನಿಗೆ ಎರಡನೆಯದು. ದುಡಿಮೆಯ ಕಾಲವೆಲ್ಲ ಕುಡಿಯಲು ನೀರಿತ್ತ ಭದ್ರೆಗೂ, ಇಳಿಗಾಲದಲ್ಲಿ ಮುಂಜಾನೆಯ ಸ್ನಾನವಿತ್ತ ತುಂಗೆಗೂ ಸಮಾನವಾಗಿ ಮೂರನೆಯದು. ಅಕ್ಕತಂಗಿಯರ ನಡುವೆ ಭೇದ ಮಾಡಲಾರೆ. ನಾಲ್ಕನೆಯ ವಂದನೆ ನಾನು ವಾಸವಿದ್ದ ಒಂಬತ್ತು ಮನೆಗಳ ಒಡೆಯರಿಗೆ. ತಮ್ಮ ಸೂರಿನ ಕೆಳಗೆ ಮತ್ತೊಬ್ಬನ ದೇವರ ಪೆಟ್ಟಿಗೆಗೆ ಜಾಗ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆ ಒಂಬತ್ತನೆಯ ಮನೆಯನ್ನು ಬ್ಯಾಂಕಿನವರು ಹರಾಜಿಗೆ ಇಡಲು ಬಂದ ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ.

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳುತ್ತಿದ್ದವನು. ಕಾರ್ಖಾನೆಯ ಸೈರನ್ ಕೂಗಿದಾಗ ಪಾಠ ನಿಲ್ಲಿಸಿ, ಅದು ಅಡಗಿದ ಮೇಲೆ ಬಿಟ್ಟ ವಿಭಕ್ತಿಯಿಂದಲೇ ಮುಂದುವರಿಸುವ ಅಭ್ಯಾಸ ನನಗೂ ಮಕ್ಕಳಿಗೂ ಇತ್ತು. ಮನೆಯಲ್ಲಿ ತಮಿಳೋ ತೆಲುಗೋ ಆಡಿ, ಬೀದಿಯಲ್ಲಿ ಕನ್ನಡ ಆಡಿ, ನನ್ನ ತರಗತಿಗೆ ಬಂದು ರಾಮ ಶಬ್ದ ಒಪ್ಪಿಸುತ್ತಿದ್ದ ಮಕ್ಕಳು ಅವರು. ಇಡೀ ಸೇವಾವಧಿಯಲ್ಲಿ ಒಂದು ಸೈಟು ಕೊಳ್ಳುವ ಯೋಚನೆ ನನಗೆ ಬರಲಿಲ್ಲ. ಬಂದದ್ದು ನನ್ನ ಮನೆಯಾಕೆಗೆ, ಪ್ರತಿ ಯುಗಾದಿಗೂ.

“ಊರವರ ಮನೆ ಕಟ್ಟೋಕೆಲ್ಲ ಮುಹೂರ್ತ ಇಟ್ಟುಕೊಟ್ರಿ. ನಮ್ಮದಕ್ಕೆ ಮಾತ್ರ ನಿಮ್ಮ ಪಂಚಾಂಗದಲ್ಲಿ ದಿನವೇ ಬರಲಿಲ್ಲ ನೋಡಿ,” ಎನ್ನುವಳು. ಹೇಳಿ, ಬೇವುಬೆಲ್ಲವನ್ನು ಕೈಗಿಡುವಳು. ಬೆಲ್ಲ ಕಡಿಮೆ ಇರುತ್ತಿತ್ತು.

ನಿವೃತ್ತಿಯ ನಂತರವೂ ಬಹಳ ಕಾಲ ಭದ್ರಾವತಿಯಲ್ಲೇ ಇದ್ದೆವು. ಮಗಳ ಮನೆಯೂ ಅಲ್ಲೇ. ಎಪ್ಪತ್ತು ದಾಟಿದ ಮೇಲೆ ಶಿವಮೊಗ್ಗದ ಒಂದು ಪಾಠಶಾಲೆಯವರು ಸಂಜೆಯ ತರಗತಿಗೆ ಕರೆದರು. ಹೊಳೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಮನೆ ಸಿಕ್ಕರೆ ಬರುವೆನೆಂದೆ. ಸಿಕ್ಕಿತು. ಗಾಂಧಿ ಬಜಾರಿನ ಹಿಂಬದಿಯ ಬೀದಿಯಲ್ಲಿ ಎರಡು ಅಂತಸ್ತಿನ ಮನೆ. ಕೆಳಗಿನದು ನಮಗೆ, ಮೇಲಿನದರಲ್ಲಿ ಒಡೆಯರು. ಅವರಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಐವತ್ತರ ಆಸುಪಾಸಿನ, ಮಾತು ಮುಗಿಯುವ ಮೊದಲೇ ನಗು ಬಂದುಬಿಡುವ ಮನುಷ್ಯ. ಅವರ ಹೆಂಡತಿ ಬೆಳಗಿನ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರನ್ನೂ ಕುಡಿಯದವರು.

ಬಾಡಿಗೆ ಬೇಡ, ಭೋಗ್ಯಕ್ಕೆ ಕೊಡುತ್ತೇವೆ ಎಂದರು. ಭೋಗ್ಯವೆಂದರೆ ತಿಂಗಳ ಬಾಡಿಗೆಯಿಲ್ಲ. ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಒಡೆಯನ ಕೈಗಿಟ್ಟು ವಾಸಮಾಡುವುದು, ಅವಧಿ ಮುಗಿದು ಮನೆ ಬಿಡುವಾಗ ಅದನ್ನೇ ಹಿಂದಕ್ಕೆ ಪಡೆಯುವುದು. ನನ್ನ ಪಿಂಚಣಿ ಇಬ್ಬರ ಊಟಕ್ಕೆ ಸಾಕು. ನಿವೃತ್ತಿಯಲ್ಲಿ ಬಂದ ಗಂಟು ಬೇರೆಯೇ ಇತ್ತು. ಅದು ನಮ್ಮ ಆಸ್ಪತ್ರೆಗೆ, ಕೊನೆಗಾಲಕ್ಕೆಂದು ಕಾಪಾಡಿಕೊಂಡು ಬಂದದ್ದು. ಅದಿಷ್ಟನ್ನೂ ಭೋಗ್ಯಕ್ಕೆ ಹಾಕಿದೆವು. ಅದು ಹೋದರೆ ನಮಗೆ ಬೇರೆ ಆಸರೆಯಿರಲಿಲ್ಲ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಆಗ ನಾನು ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಮಾತುಕತೆ ಮುಗಿದದ್ದು ಆಷಾಢದಲ್ಲಿ. ಒಡೆಯರು ಅದೇ ದಿನ ಸ್ಟ್ಯಾಂಪ್ ಪೇಪರ್ ತಂದುಬಿಟ್ಟರು. ಆಷಾಢದಲ್ಲಿ ಮನೆ ನೋಡುವುದಕ್ಕೆ ಅಡ್ಡಿಯಿಲ್ಲ, ಹಿಡಿಯುವುದಕ್ಕೆ ಉಂಟು ಎಂದೆ. ಅವರು ಒಪ್ಪಿದರು. ಶ್ರಾವಣ ಬಂದ ಮರುದಿನವೇ ಫೋನು ಮಾಡಿದರು.

“ಮೇಷ್ಟ್ರೇ, ಶ್ರಾವಣ ಬಂತು. ಸಾಮಾನು ತರ್ತೀರಾ?”

“ಇದು ಅಧಿಕ ಶ್ರಾವಣ ಕಣಯ್ಯಾ. ಅಧಿಕಮಾಸದಲ್ಲಿ ಹೊಸದೇನನ್ನೂ ಶುರು ಮಾಡಬಾರದು. ನಿಜ ಶ್ರಾವಣ ಇದರ ಹಿಂದೆ ಬರುತ್ತೆ.”

“ಶ್ರಾವಣದಲ್ಲೂ ನಿಜ, ಸುಳ್ಳು ಅಂತ ಇರುತ್ತಾ! ನಮ್ಮ ಕಡೆ ಅಂಥದ್ದೇನೂ ಇಲ್ಲ ಮಾರಾಯ್ರೆ. ದುಡ್ಡಾದ್ರೂ ಕೊಟ್ಟಿರಿ, ಆಮೇಲೆ ಬನ್ನಿ.”

“ದುಡ್ಡು ಕೊಡುವುದೂ ಶುರು ಮಾಡಿದ ಹಾಗೇ ಅಲ್ಲವೇ?” ಎಂದೆ. ಆ ತುದಿಯಲ್ಲಿ ಅವರು ನಕ್ಕರು. ಎಂದಿಗಿಂತ ಸ್ವಲ್ಪ ತಡವಾಗಿ ನಕ್ಕರೆಂದು ಈಗ ಅನ್ನಿಸುತ್ತದೆ.

ಹೀಗೆ ನಿಜ ಶ್ರಾವಣದ ಒಂದು ಒಳ್ಳೆಯ ದಿನ ನೋಡಿ ಹಾಲುಕ್ಕಿಸಿದೆವು. ಭೋಗ್ಯಪತ್ರವನ್ನು ನಾನೇ ಸ್ವಹಸ್ತದಿಂದ ಬರೆದೆ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಒಂದೂ ಬಿಡಲಿಲ್ಲ. ಇಷ್ಟೆಲ್ಲ ಇರುವಾಗ ಇಂಗ್ಲಿಷ್ ತಾರೀಖು ಏಕೆಂದು ಅದನ್ನು ಮಾತ್ರ ಬಿಟ್ಟೆ. ಒಡೆಯರು ಓದಿ, “ಏನ್ ಮೇಷ್ಟ್ರೇ, ಲಗ್ನಪತ್ರಿಕೆ ಥರ ಇದೆ. ಕೊನೇಲಿ ಊಟಕ್ಕೆ ಬನ್ನಿ ಅಂತ ಒಂದು ಸಾಲು ಸೇರಿಸಿಬಿಡಿ,” ಎಂದರು. ನೋಂದಣಿ ಕಚೇರಿಗೆ ಹೋಗುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದೇವರ ದೀಪದ ಮುಂದೆ ಇಬ್ಬರೂ ಸಹಿ ಹಾಕಿದೆವು. ಅದಕ್ಕಿಂತ ದೊಡ್ಡ ನೋಂದಣಿ ಯಾವುದೆಂದು ನಾನು ಭಾವಿಸಿದ್ದೆ.

ಎರಡು ವರ್ಷ ಸುಖವಾಗಿದ್ದೆವು. ನಸುಕಿನಲ್ಲಿ ಹೊಳೆ, ಹತ್ತಕ್ಕೆ ಊಟ, ಸಂಜೆ ಪಾಠ. ಮೇಲಿನಿಂದ ಮೆಟ್ಟಿಲಿಳಿದು ಹೋಳಿಗೆ ಬರುತ್ತಿತ್ತು, ಕೆಳಗಿನಿಂದ ಮೆಟ್ಟಿಲೇರಿ ಕೋಸಂಬರಿ ಹೋಗುತ್ತಿತ್ತು. ಒಡೆಯರ ಅಂಗಡಿಗೆ ಗಾಜಿನ ಬಾಗಿಲು ಬಂತು, ಒಳಗೆ ತಂಪು ಗಾಳಿ ಬಂತು, ಬಾಗಿಲಲ್ಲಿ ಸೀರೆಯುಟ್ಟ ನಾಲ್ಕು ತಲೆಯಿಲ್ಲದ ಗೊಂಬೆಗಳು ಬಂದವು. ನನ್ನ ಮನೆಯಾಕೆ ಒಮ್ಮೆ ಹೋಗಿ ಬಂದು, “ರವಿಕೆ ಕಣ ಚೆನ್ನಾಗಿದೆ. ಆದ್ರೆ ಆ ಮುಂಡ ಮಾತ್ರ ಇರೋ ಹೆಂಗಸರನ್ನ ನೋಡಿದ್ರೆ ತಗೊಳ್ಳೋ ಮನಸ್ಸೇ ಬರಲ್ಲ,” ಎಂದಳು. ಬೇರೆಯವರಿಗೂ ಹಾಗೇ ಅನ್ನಿಸಿತೋ ಏನೋ. ಜನ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಸೀರೆ ತರಿಸತೊಡಗಿದ ಕಾಲವೂ ಅದೇ. ಕ್ರಮೇಣ ಒಡೆಯರು ನಮ್ಮ ಬಾಗಿಲಿನ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದರು. ಮೊಣಕಾಲಿಗೆ ಆ ಮೆಟ್ಟಿಲೇ ಹಿತವಿರಬೇಕೆಂದುಕೊಂಡೆ.

ಒಂದು ಬೆಳಿಗ್ಗೆ ನಾನು ಹೊಳೆಯಿಂದ ಒದ್ದೆ ಪಂಚೆಯಲ್ಲಿ ಮರಳಿದಾಗ ನಮ್ಮ ಬಾಗಿಲ ಪಕ್ಕದ ಗೋಡೆಗೆ ಇಬ್ಬರು ಗೋಂದು ಹಚ್ಚಿ ಒಂದು ದೊಡ್ಡ ಕಾಗದ ಅಂಟಿಸುತ್ತಿದ್ದರು. ನನ್ನ ಮನೆಯಾಕೆ ಹೊಸ್ತಿಲಿಗೆ ಅರಿಶಿನ ಬಳಿದು ರಂಗೋಲಿ ಹಾಕಿ ಎದ್ದು ನಿಂತಿದ್ದಳು. ಗೋಂದು ಅದರ ಮೇಲೆ ಬಿದ್ದೀತೆಂಬುದೊಂದೇ ಅವಳ ಆತಂಕ.

“ಸ್ವಲ್ಪ ಆ ಕಡೆ ಸರ್ಕೊಳ್ರಪ್ಪಾ. ಚುನಾವಣೆದಾ?” ಎಂದು ಕೇಳಿದಳು.

“ಇಲ್ಲಮ್ಮಾ, ಬ್ಯಾಂಕ್‌ದು,” ಎಂದು ಅವರಲ್ಲೊಬ್ಬ ಹೇಳಿ, ನನ್ನನ್ನು ಕಂಡು, “ಸ್ವಾಮೀ, ನೋಟಿಸ್ ಪಕ್ಕ ನಿಂತ್ಕೊಳ್ಳಿ, ಒಂದು ಫೋಟೋ ಬೇಕು,” ಎಂದ. ಕರೆದರೆಂದು ನಿಂತೆ. ವಿಭೂತಿಯಿನ್ನೂ ಆರದ ಹಣೆ, ಕೈಯಲ್ಲಿ ನೀರಿನ ತಂಬಿಗೆ. ಚಿತ್ರ ತೆಗೆದುಕೊಂಡು ಅವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಸಾಲದ ಕಂತು ಬಾರದ ಕಾರಣ ಅಡಮಾನದಲ್ಲಿರುವ ಈ ಮನೆಯನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಲಿದೆ ಎಂದಿತ್ತು.

ಅಡಮಾನದ ಸುದ್ದಿ ನಮಗೆ ತಿಳಿದದ್ದು ಆ ಕ್ಷಣವೇ. ಬೀದಿಗೆ ತಿಳಿದದ್ದು ಅರ್ಧ ಗಂಟೆಯಲ್ಲಿ, ಅದೂ ತಿರುವುಮುರುವಾಗಿ. ಸಂಜೆ ದೇವಸ್ಥಾನದಲ್ಲಿ ಒಬ್ಬ ಪರಿಚಿತರು ನನ್ನ ಕೈ ಹಿಡಿದು ಮೆಲ್ಲಗೆ, “ಈ ವಯಸ್ಸಲ್ಲಿ ಸಾಲ ಮಾಡೋ ಅಂಥದ್ದು ಏನು ಬಂದಿತ್ತು ಮೇಷ್ಟ್ರೇ?” ಎಂದು ಕೇಳಿದರು. ನಾನು ಬಾಡಿಗೆದಾರನೆಂದು ಎಷ್ಟು ವಿವರಿಸಿದರೂ, “ಇರಲಿ ಬಿಡಿ, ಭಗವಂತ ಇದಾನೆ,” ಎಂದೇ ಸಮಾಧಾನ ಹೇಳಿ ಪ್ರಸಾದ ಎರಡು ಪಾಲು ಕೊಟ್ಟರು.

ಮರುದಿನ ಒಡೆಯರು ಮುಂದಿನ ಮೆಟ್ಟಿಲಿನಿಂದಲೇ ಇಳಿದು ಬಂದರು. ಕುರ್ಚಿಯ ತುದಿಯಲ್ಲಿ ಕುಳಿತರು. ನಗು ಬರಲಿಲ್ಲ.

“ಹೇಳೋಣ ಅಂತಿದ್ದೆ ಮೇಷ್ಟ್ರೇ. ಪ್ರತಿ ತಿಂಗಳೂ ಅಂತಿದ್ದೆ.”

“ನಮ್ಮ ಹಣ?” ಎಂದು ನನ್ನ ಮನೆಯಾಕೆ ಕೇಳಿದಳು.

“ಅಂಗಡಿಗೆ ಹೋಯ್ತಮ್ಮಾ. ಗೊಂಬೆಗಳಿಗೆ ಉಡಿಸಿರೋದೆಲ್ಲ ಅದೇ.” ಸ್ವಲ್ಪ ತಡೆದು ಸೇರಿಸಿದರು: “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಆವಾಗ ಅಧಿಕಮಾಸ ಅಂತ ತಿಂಗಳು ತಳ್ಳಿದ್ರಲ್ಲ? ಹಬ್ಬದ ಮಾಲಿಗೆ ದುಡ್ಡು ಕಟ್ಟಬೇಕಿತ್ತು. ನಿಮ್ಮ ದುಡ್ಡು ಬರಲಿಲ್ಲ. ಅದಕ್ಕೇ ಮನೆ ಪತ್ರ ತಗೊಂಡು ಬ್ಯಾಂಕಿಗೆ ಹೋದೆ.”

ಆ ಮಾತು ನನಗೆ ನಾಟಿತು. ಶಾಸ್ತ್ರವನ್ನು ಪಾಲಿಸಿದೆನೆಂಬ ತೃಪ್ತಿಯಲ್ಲಿ ಮತ್ತೊಬ್ಬನ ಮನೆಯನ್ನು ಅಡಮಾನಕ್ಕೆ ದೂಡಿದೆನೇ ಎಂದು ನಾಲ್ಕು ದಿನ ಊಟ ಸೇರಲಿಲ್ಲ. ನನ್ನ ಮನೆಯಾಕೆಗೆ ಸೇರಿತು. “ಅಧಿಕಮಾಸ ನೀವು ಮಾಡಿದ್ದಲ್ಲ. ಸೂರ್ಯಚಂದ್ರರು ಮಾಡಿದ್ದು. ಸಾರು ಆರ್ತಾ ಇದೆ,” ಎಂದಳು.

ಭದ್ರಾವತಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ವಕೀಲನಾಗಿದ್ದಾನೆ. ಒಂಬತ್ತನೆಯ ತರಗತಿಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದಷ್ಟು ಸಲ ನಾನು ಯಾರನ್ನೂ ನಿಲ್ಲಿಸಿಲ್ಲ. ಈಗ ಅವನ ಕಚೇರಿಯಲ್ಲಿ ನಾನು ನಿಂತಿದ್ದೆ. ಅವನು ಎದ್ದು ಬಂದು ಕೂರಿಸಿ, ಭೋಗ್ಯಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಖದಲ್ಲಿ ಬೆಳಕು ಮೂಡಿತು.

“ಗುರುಗಳೇ, ಸ್ಟ್ಯಾಂಪ್ ಪೇಪರ್ ತಗೊಂಡಿರೋದು ಜುಲೈಯಲ್ಲಿ. ಮೇಲೆ ಅಚ್ಚಾಗಿದೆ ನೋಡಿ. ಬ್ಯಾಂಕಿಗೆ ಮನೆ ಅಡ ಇಟ್ಟಿರೋದು ಆಗಸ್ಟ್ ಮೊದಲ ವಾರ, ನೋಟಿಸ್‌ನಲ್ಲಿದೆ.”

“ಆದರೆ ಪತ್ರ ಬರೆದದ್ದು ನಿಜ ಶ್ರಾವಣದಲ್ಲಿ. ಆ ದಿನ ಆಗಸ್ಟ್ ಕೊನೆಗೆ ಬಂತಪ್ಪಾ. ಒಳಗೆ ಸ್ಪಷ್ಟವಾಗಿ ಬರೆದಿದ್ದೇನೆ.”

“ಸ್ಪಷ್ಟವಾಗಿ ಬರೆದಿದೀರಿ. ಯಾರಿಗೆ ಅರ್ಥ ಆಗುತ್ತೆ ಗುರುಗಳೇ?” ಎಂದು ನಕ್ಕ. “ಅಡ ಇಡೋಕೆ ಮುಂಚಿನಿಂದ ಇದೀರಿ ಅಂತಾದ್ರೆ ನಾನು ಕೋರ್ಟಿಗೆ ಹಾಕಿ ಹರಾಜನ್ನ ವರ್ಷಗಟ್ಟಲೆ ಎಳೀಬಹುದು. ಆಮೇಲೆ ಬಂದಿದ್ದು ಅಂದ್ರೆ ಬ್ಯಾಂಕಿಗೆ ನಿಮ್ಮ ಲೆಕ್ಕವೇ ಇಲ್ಲ. ದುಡ್ಡು ಹೋದ ಹಾಗೇ.”

“ಸುಳ್ಳು ಹೇಳು ಎನ್ನುತ್ತೀಯಾ?”

“ಛೆ ಛೆ. ನಿಮಗೆ ಹಾಗೆ ಹೇಳ್ತೀನಾ? ಬ್ಯಾಂಕಿನವರು ಬಂದಾಗ ಪತ್ರ ಕೊಡಿ. ಅವರು ಮೇಲಿರೋ ತಾರೀಖು ನೋಡ್ತಾರೆ. ನೀವು ಸುಮ್ಮನಿರಿ. ನೀವು ನಮಗೆ ಕಲಿಸಿದ್ದೇ ಅದಲ್ವಾ, ಗೊತ್ತಿಲ್ಲದಿದ್ರೆ ಸುಮ್ಮನಿರು ಅಂತ.”

“ನನಗೆ ಗೊತ್ತಿದೆಯಲ್ಲೋ,” ಎಂದೆ.

ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಯೋಚಿಸುತ್ತಲೇ ಬಂದೆ. ಸುಮ್ಮನಿರುವುದು ಸುಳ್ಳೇ ಅಲ್ಲವೇ ಎಂಬುದಕ್ಕೆ ಎರಡೂ ಪಕ್ಷದಲ್ಲಿ ವಾದ ಹೂಡಿದೆ. ಎರಡೂ ಪಕ್ಷ ಗೆದ್ದವು. ಒಡೆಯರಿಗೆ ವಿಷಯ ತಿಳಿದಾಗ ಅವರಿಗೆ ಹೋದ ಜೀವ ಬಂದಂತಾಯಿತು. ಹರಾಜು ನಿಂತರೆ ಅವರ ಮನೆಯೂ ಉಳಿಯುತ್ತಿತ್ತಲ್ಲ. “ನೀವು ಬಾಯಿ ಬಿಡಬೇಡಿ, ಅಷ್ಟೇ ಮೇಷ್ಟ್ರೇ. ಮೌನವ್ರತ ಅಂದ್ಕೊಳ್ಳಿ,” ಎಂದು ಸಲಹೆಯಿತ್ತರು.

ಬ್ಯಾಂಕಿನ ಅಧಿಕಾರಿಣಿ ಬಂದದ್ದು ಒಂದು ಸೋಮವಾರ. ಮೂವತ್ತೈದರ ಒಳಗಿನ ಹೆಣ್ಣುಮಗಳು. ಕುಂಸಿಯ ಕಡೆಯವರಂತೆ, ಮನೆಯಲ್ಲಿ ಜೋಳ ಬೆಳೆಯುತ್ತಾರಂತೆ. ಚಪ್ಪಲಿಯನ್ನು ಹೊರಗೇ ಬಿಟ್ಟು, ದೇವರ ಮನೆಯ ಕಡೆಗೊಮ್ಮೆ ಕೈ ಮುಗಿದು ಕುಳಿತರು. ಒಡೆಯರು ಬಾಗಿಲ ಬಳಿ ನಿಂತಿದ್ದರು. ಮೆಟ್ಟಿಲ ಮೇಲೆ ಅವರ ಹೆಂಡತಿ. ನಾನು ಭೋಗ್ಯಪತ್ರ ಕೊಟ್ಟೆ. ಆಕೆ ಓದತೊಡಗಿ, ದಕ್ಷಿಣಾಯನದವರೆಗೆ ಬಂದು ನಿಂತರು.

“ಸರ್, ಇಂಗ್ಲಿಷ್ ತಾರೀಖೇ ಇಲ್ವಲ್ಲ. ನಮ್ಮಜ್ಜಿ ಇದ್ದಿದ್ರೆ ಓದೋರು. ನನಗೆ ಇದೆಲ್ಲ ಬರಲ್ಲ.” ಮತ್ತೆ ಹಾಳೆಯ ತಲೆ ನೋಡಿ, “ಸ್ಟ್ಯಾಂಪ್ ಪೇಪರ್ ಜುಲೈದು. ಹಾಗಾದ್ರೆ ನೀವು ಜುಲೈಯಿಂದ ಈ ಮನೇಲಿದೀರಿ ಅಂತ ಬರ್ಕೊಳ್ಳಲಾ?”

ಒಡೆಯರು ನನ್ನನ್ನು ನೋಡಿದರು. ನಾನು ದೇವರ ದೀಪವನ್ನು ನೋಡಿದೆ. ಎದುರಿನ ಚೊಂಬಿನಿಂದ ಒಂದು ಗುಟುಕು ನೀರು ಕುಡಿದೆ. ಆ ಒಂದು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದದ್ದು ನಿಜ. ಮುಂದೆ ಬಾಯಿ ತೆರೆಯುತ್ತಿದ್ದೆನೇ ಎಂದು ಯಾರಾದರೂ ಕೇಳಿದರೆ, ತೆರೆಯುತ್ತಿದ್ದೆ ಎಂದು ಪ್ರಮಾಣ ಮಾಡುವ ಧೈರ್ಯ ನನಗೆ ಇಂದಿಗೂ ಇಲ್ಲ. ಭಗವಂತ ಆ ಪರೀಕ್ಷೆಯನ್ನು ನನಗೆ ಕೊಡಲಿಲ್ಲ. ಕಾಫಿಯ ಲೋಟಗಳನ್ನು ಹಿಡಿದು ಅಡುಗೆಮನೆಯಿಂದ ನನ್ನ ಮನೆಯಾಕೆ ಬಂದಳು.

“ಜುಲೈ? ಆಷಾಢದಲ್ಲಾ?” ಲೋಟ ಕೈಯಲ್ಲೇ ಉಳಿಯಿತು. “ಏನಮ್ಮಾ, ನಮ್ಮನ್ನ ಏನಂದ್ಕೊಂಡಿದೀರಿ? ಆಷಾಢದಲ್ಲಿ ಯಾರಾದ್ರೂ ಮನೆ ಹಿಡೀತಾರಾ? ಅದು ಸಾಲದು ಅಂತ ಅಧಿಕಮಾಸ ಬೇರೆ ಬಂದಿತ್ತು. ಎಲ್ಲ ಕಳೆದು, ನಿಜ ಶ್ರಾವಣದಲ್ಲಿ ಹಾಲುಕ್ಕಿಸಿದ್ದು ನಾವು. ಬೇಕಾದ್ರೆ ಇವರನ್ನೇ ಕೇಳಿ.”

ಅವಳಿಗೆ ವಕೀಲನ ಸಲಹೆ ತಿಳಿಯದೆ ಇರಲಿಲ್ಲ. ಆದರೆ ಆಷಾಢದಲ್ಲಿ ಮನೆ ಹಿಡಿದವರೆಂಬ ಅಪವಾದ ಅವಳಿಗೆ ಹಣ ಹೋಗುವುದಕ್ಕಿಂತ ದೊಡ್ಡದಾಗಿ ಕಂಡಿತು. ಅಧಿಕಾರಿಣಿ ನನ್ನ ಕಡೆ ತಿರುಗಿದರು. ನಾನು ಪಂಚಾಂಗ ತೆಗೆದು, ತಿಥಿಗೆ ಸರಿಯಾದ ತಾರೀಖನ್ನು ತೋರಿಸಿ, ಆಗಸ್ಟ್ ಕೊನೆಯ ವಾರವೆಂದು ಬರೆಸಿದೆ. ಬಹಳ ದಿನಗಳಿಂದ ಎದೆಯ ಮೇಲೆ ಕುಳಿತಿದ್ದ ಏನೋ ಒಂದು ಎದ್ದು ಹೊರಗೆ ಹೋದಂತಾಯಿತು.

“ಮುಗೀತು!” ಎಂದರು ಒಡೆಯರು. “ಎಲ್ಲ ಮುಗೀತು. ನಿಮ್ಮ ಅಧಿಕಮಾಸ ಒಂದ್ಸಲ ನನ್ನನ್ನ ಬ್ಯಾಂಕಿಗೆ ಕಳಿಸ್ತು, ಈಗ ಬೀದಿಗೆ ಕಳಿಸ್ತು.”

ಆಗ ಮೆಟ್ಟಿಲ ಮೇಲಿನಿಂದ ಒಂದು ದನಿ ಬಂತು. ಎರಡು ವರ್ಷದಲ್ಲಿ ಆ ಹೆಣ್ಣುಮಗಳ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ನಾನು ಕೇಳಿರಲಿಲ್ಲ.

“ಏನ್ರೀ, ಮೇಷ್ಟ್ರ ಮೇಲೆ ಯಾಕೆ ಹಾಕ್ತೀರಿ? ಆ ಗಾಜಿನ ಬಾಗ್ಲು, ಆ ತಲೆ ಇಲ್ದಿರೋ ಗೊಂಬೆ, ಎಲ್ಲದಕ್ಕೂ ಯುಗಾದಿ ಹೊತ್ತಿಗೇ ಆರ್ಡರ್ ಕೊಟ್ಟಾಗಿತ್ತು. ಬ್ಯಾಂಕಿನ ಅರ್ಜಿಗೆ ನನ್ನ ಕೈಲಿ ಸಹಿ ಹಾಕಿಸ್ಕೊಂಡಿದ್ದು ಮೇಷ್ಟ್ರು ಈ ಮನೆ ನೋಡೋಕೂ ಮುಂಚೆ. ಅವರ ದುಡ್ಡು ಆಷಾಢದಲ್ಲೇ ಬಂದಿದ್ರೆ ಏನಾಗ್ತಿತ್ತು? ಇನ್ನೂ ನಾಲ್ಕು ಗೊಂಬೆ ಬರ್ತಿತ್ತು.”

ಒಡೆಯರ ಮುಖದಲ್ಲಿ, ಆ ಸಂಕಟದ ನಡುವೆಯೂ, ಹಳೆಯ ನಗುವಿನ ಒಂದು ಎಳೆ ಹಾದುಹೋಯಿತು. ನಾನಾದರೋ ನಾಲ್ಕು ದಿನದ ಊಟವನ್ನು ನೆನೆದು ನಿಟ್ಟುಸಿರಿಟ್ಟೆ.

ಅಧಿಕಾರಿಣಿ ಕಾಫಿ ಮುಗಿಸಿ ಹೇಳಿದ ಮಾತು ಹೀಗಿತ್ತು. “ಹರಾಜಿನ ಪ್ರಕಟಣೆ ಕೊಡೋಕೆ ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಓನರ್ರೇ ಒಳ್ಳೆ ಗಿರಾಕಿ ಕರ್ಕೊಂಡು ಬಂದ್ರೆ ಬ್ಯಾಂಕ್ ಒಪ್ಪುತ್ತೆ. ಬಾಕಿ ತೀರಿ ಕೈಗೆ ಸ್ವಲ್ಪ ಉಳಿಯುತ್ತೆ, ಸರ್‌ದು ಭೋಗ್ಯದ ದುಡ್ಡೂ ಕೊಡಬಹುದು. ಹರಾಜಿಗೆ ಹೋದ್ರೆ ಬಂದಷ್ಟು ಬಂತು. ನಮ್ಮ ಬಾಕಿಗೇ ಸರಿಹೋಗುತ್ತೆ. ಸರ್‌ಗೆ ಏನೂ ಸಿಗಲ್ಲ.”

“ನನ್ನ ಕೈಯಾರೆ ಮಾರಲ್ಲ,” ಎಂದರು ಒಡೆಯರು. “ನಮ್ಮಪ್ಪ ಇನ್ನೊಬ್ಬರ ಅಂಗಡೀಲಿ ಜೀವನಪೂರ್ತಿ ಬಟ್ಟೆ ಮಡಚಿದವರು. ಇನ್ನೊಬ್ಬರ ಮನೇಲೇ ಸತ್ತರು. ನಾನು ಕಟ್ಟಿದ್ದು ಇದು. ಬ್ಯಾಂಕು ಕಿತ್ಕೊಂಡ್ರೆ ಕಿತ್ಕೊಳ್ಳಲಿ, ನಾನಾಗಿ ಕೊಡಲ್ಲ.”

ಅವರ ಹೆಂಡತಿ ಮೆಟ್ಟಿಲಿಳಿದು ನಮ್ಮ ಹೊಸ್ತಿಲವರೆಗೆ ಬಂದರು. ಈ ಸಲ ದನಿ ಇಳಿದಿತ್ತು. “ಕಿತ್ಕೊಂಡ್ರೆ ಮೇಷ್ಟ್ರ ದುಡ್ಡೂ ಹೋಗುತ್ತೆ. ಅವರು ಸುಮ್ನೆ ಕೂತಿದ್ರೆ ಅವರದೂ ಉಳೀತಿತ್ತು, ನಮ್ಮದೂ ಉಳೀತಿತ್ತು. ಆದ್ರೂ ಇದ್ದದ್ದು ಇದ್ದ ಹಾಗೆ ಬರೆಸಿದ್ರು. ಇನ್ನು ಅವರ ದುಡ್ಡು ನುಂಗಿ ನಾನು ಬೆಳಿಗ್ಗೆ ಎದ್ದು ಲಿಂಗ ಹೇಗ್ರೀ ಅಂಗೈಲಿ ಇಟ್ಕೊಳ್ಳಲಿ?”

ಒಡೆಯರು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟರು. ಎರಡು ದಿನ ಹಿಂದಿನ ಮೆಟ್ಟಿಲನ್ನೇ ಬಳಸಿದರು. ಮೂರನೆಯ ದಿನ ಬಂದು, “ಗಿರಾಕಿ ಬರ್ತಾರೆ ಸಂಜೆ. ಅಮ್ಮಾವ್ರಿಗೆ ಸ್ವಲ್ಪ ಮನೆ ಓರಣ ಮಾಡೋಕೆ ಹೇಳಿ,” ಎಂದರು.

ಅಲ್ಲಿಂದ ನನ್ನ ಬದುಕಿನ ಒಂದು ಹೊಸ ಉದ್ಯೋಗ ಆರಂಭವಾಯಿತು. ಒಡೆಯರು ಅಂಗಡಿಯಲ್ಲಿರುತ್ತಿದ್ದ ಹೊತ್ತಿನಲ್ಲಿ ಬಂದವರಿಗೆ ಮನೆ ತೋರಿಸುವ ಹೊಣೆ ನನ್ನದಾಯಿತು. ವಿದ್ಯಾರ್ಥಿಗೆ ಪಾಠ ಹೇಳುವಾಗ ಅಪವಾದಗಳನ್ನು ಮುಚ್ಚಿಡಬಾರದೆಂಬುದು ನನ್ನ ನಿಯಮ. ಹಾಗೆಯೇ ತೋರಿಸಿದೆ. ಹೊಳೆಗಾಳಿ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಈಶಾನ್ಯದ ಮೂಲೆ ಒಸರುತ್ತದೆ. ನೆಲ ತಂಪು, ಬಚ್ಚಲಿನ ನೀರು ಹೋಗುವ ದಾರಿ ನಿಧಾನ. ಮೂವರು ಬಂದರು, ಮೂವರೂ ಕಾಫಿ ಕುಡಿದು ನಮಸ್ಕಾರ ಮಾಡಿ ಹೋದರು.

“ಮೇಷ್ಟ್ರೇ, ನಿಮ್ಮ ದಮ್ಮಯ್ಯ,” ಎಂದು ಒಡೆಯರು ಕೈ ಮುಗಿದರು. “ಆ ಮೂಲೆ ವಿಷಯ ಯಾಕೆ ಎತ್ತುತ್ತೀರಿ? ಹೆಣ್ಣು ತೋರಿಸೋಕೆ ಕರ್ಕೊಂಡು ಬಂದು ಹುಡುಗಿ ರಾತ್ರಿ ಗೊರಕೆ ಹೊಡೀತಾಳೆ ಅಂತ ಯಾರಾದ್ರೂ ಹೇಳ್ತಾರಾ?”

“ಕೇಳಿದರು, ಹೇಳಿದೆ.”

“ಕೇಳಲಿಲ್ಲ ರೀ. ನಾನೇ ಅಡುಗೆಮನೇಲಿದ್ದೆ,” ಎಂದಳು ನನ್ನ ಮನೆಯಾಕೆ.

ಎರಡು ವಾರ ಹೀಗೆಯೇ ಸರಿದವು. ಹಗುರವಾಗಿ ಬರೆಯುತ್ತಿದ್ದೇನೆ; ಆದರೆ ಆ ದಿನಗಳಲ್ಲಿ ಸಂಧ್ಯಾವಂದನೆಗೆ ಕುಳಿತಾಗಲೂ ಮನಸ್ಸು ಕ್ಯಾಲೆಂಡರಿನ ಕಡೆ ಓಡುತ್ತಿತ್ತು. ಮನೆಯಾಕೆಯ ಮಂಡಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದ್ದರು. ಅವಳು ಆ ಮಾತನ್ನೇ ಎತ್ತದೆ, ಮೆಟ್ಟಿಲ ಕಂಬಿ ಹಿಡಿದು ಕೋಸಂಬರಿಯನ್ನು ಮೇಲಕ್ಕೆ ಕೊಡುತ್ತಿದ್ದಳು.

ನಾಲ್ಕನೆಯವರು ಭದ್ರಾವತಿಯಿಂದ ಬಂದರು. ಕಾರ್ಖಾನೆಯಿಂದ ನಿವೃತ್ತರಾದವರು, ಮನೆಮಾತು ತಮಿಳು. ನಾನು ಮೂಲೆಯ ಒಸರಿನ ಬಗ್ಗೆ ಹೇಳಿದಾಗ ಅವರು ಬಗ್ಗಿ, ಬೆರಳ ಗೆಣ್ಣಿನಿಂದ ಗೋಡೆಯನ್ನು ಕುಟ್ಟಿ ಕಿವಿಗೊಟ್ಟರು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಇಳಿಯುವವರೆಗೆ ನಿಂತೇ ನೋಡಿದರು. ಒಡೆಯರು ಅಂದು ಮನೆಯಲ್ಲೇ ಇದ್ದರು, ಕಣ್ಣು ಮುಚ್ಚಿಕೊಂಡಿದ್ದರು.

“ಸಾರ್, ಹದಿನಾಲ್ಕು ಮನೆ ನೋಡ್ದೆ ನಾನು,” ಎಂದರು ಬಂದವರು. “ಒಂದರಲ್ಲೂ ಒಂದೂ ತಪ್ಪಿಲ್ಲ ಅಂದ್ರು. ಅದು ಹೆಂಗೆ ಸಾರ್ ಆಗುತ್ತೆ? ಫ್ಯಾಕ್ಟರೀಲಿ ನಂದು ಮಾಲು ಚೆಕ್ ಮಾಡೋ ಕೆಲಸ. ಬಿರುಕೇ ಇಲ್ಲ ಅಂತ ಬಂದ ಮಾಲನ್ನ ಎರಡು ಸಲ ಚೆಕ್ ಮಾಡ್ತಿದ್ವಿ. ಬಿರುಕು ಎಲ್ಲಿದೆ ಅಂತ ಗೊತ್ತಾದ್ರೆ ರಿಪೇರಿ ಮಾಡ್ಬಹುದು, ಅಲ್ವಾ? ಇನ್ನೇನಾದ್ರೂ ಇದ್ರೆ ಹೇಳ್ಬಿಡಿ.”

“ಮನೆ ಬ್ಯಾಂಕಿನಲ್ಲಿ ಅಡಮಾನದಲ್ಲಿದೆ,” ಎಂದೆ.

“ಅದು ಗೋಡೆ ಮೇಲೇ ಅಂಟಿಸಿದಾರಲ್ಲ ಸಾರ್,” ಎಂದು ಅವರು ನಕ್ಕರು. ಒಡೆಯರು ಕಣ್ಣು ತೆರೆದರು.

ಮುಂದಿನದು ಬೇಗ ನಡೆಯಿತು. ಕುಂಸಿಯ ಆ ಹೆಣ್ಣುಮಗಳು ಹರಾಜಿನ ಪ್ರಕಟಣೆಯನ್ನು ತಡೆದು, ಕಾಗದಪತ್ರಗಳ ಹಿಂದೆ ತಾವೇ ಓಡಾಡಿದರು. ಕೊಂಡವರು ಬ್ಯಾಂಕಿನ ಬಾಕಿಯನ್ನು ನೇರವಾಗಿ ಬ್ಯಾಂಕಿಗೇ ಕಟ್ಟಿದರು. ನಮ್ಮ ಭೋಗ್ಯದ ಮೊತ್ತಕ್ಕೆ ನನ್ನ ಹೆಸರಿನಲ್ಲೇ ಚೆಕ್ಕು ಬರೆದರು. ನನ್ನ ಶಿಷ್ಯ ಬಂದು ಎಲ್ಲವನ್ನೂ ಓದಿ, “ಗುರುಗಳೇ, ಈ ಸಲವಾದ್ರೂ ಇಂಗ್ಲಿಷ್ ತಾರೀಖು ಇರಲಿ,” ಎಂದು ತಾನೇ ಹಾಕಿಸಿದ. ನನ್ನಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ಚೆಕ್ಕನ್ನು ದೇವರ ಮುಂದಿಟ್ಟು ತೆಗೆದಾಗ ಮನೆಯಾಕೆ, “ಮೊದಲು ಮಂಡಿ. ಆಮೇಲೆ ಮಿಕ್ಕಿದ್ದು,” ಎಂದಳು. ಆ ಮಾತನ್ನು ಅವಳು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದಳೆಂದು ಆಗ ತಿಳಿಯಿತು.

ಒಡೆಯರ ಕೈಗೆ ಉಳಿದದ್ದು ಸ್ವಲ್ಪವೇ. ಗಾಜಿನ ಅಂಗಡಿ ಬಿಟ್ಟು, ಅದೇ ಬಜಾರಿನಲ್ಲಿ ಚಾಪೆ ಹಾಸಿ ಕೂರುವ ಒಂದು ಸಣ್ಣ ಮಳಿಗೆ ಹಿಡಿದರು. ಮನೆ ಹುಡುಕಲು ಹೊರಟವರು ಒಂದು ಸಂಜೆ ಬೆವರುತ್ತ ಬಂದು ನಮ್ಮ ಜಗಲಿಯಲ್ಲಿ ಕುಳಿತರು.

“ಮಲವಗೊಪ್ಪದಲ್ಲಿ ಒಂದು ಮನೆ ನೋಡ್ದೆ ಮೇಷ್ಟ್ರೇ. ಓನರ್ ಏನೇನು ಕೇಳ್ತಾನೆ ಗೊತ್ತಾ! ಎಷ್ಟು ಜನ, ನೆಂಟರು ಎಷ್ಟು ಬರ್ತಾರೆ, ನೀರು ಎಷ್ಟು ಸುರೀತೀರಿ. ಗೋಡೆಗೆ ಒಂದು ಮೊಳೆ ಹೊಡೆಯೋ ಹಾಗಿಲ್ವಂತೆ. ಇಷ್ಟು ದೊಡ್ಡ ಗಡಿಯಾರ ಇದೆ ನಮ್ಮದು. ತಲೆ ಮೇಲೆ ಇಟ್ಕೊಳ್ಳಲಾ?”

“ಪಾಠ ಬೇಕೇನಪ್ಪಾ?” ಎಂದೆ. “ಇದರಲ್ಲಿ ನನಗೆ ಒಂಬತ್ತು ಮನೆಗಳ ಅಭ್ಯಾಸವುಂಟು.”

ಅಂದು ನಾನು ಅವರಿಗೆ ಹೇಳಿದ್ದು ಇಷ್ಟೇ. ಮೊಳೆ ಕೇಳಬೇಡಿ. ಗಡಿಯಾರವನ್ನು ಗೋಡೆಗೆ ಒರಗಿಸಿ ನೆಲದ ಮೇಲಿಡಿ. ಹಬ್ಬಕ್ಕೆ ಆ ಮನೆಯವರನ್ನು ಊಟಕ್ಕೆ ಕರೆಯಿರಿ. ಅವರು ಗಂಟೆ ನೋಡಲು ಬಗ್ಗಬೇಕಾಗುತ್ತದೆ. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ. ನಮ್ಮ ಒಡೆಯರು ಬಾಯಿ ತೆರೆದು ಕೇಳಿದರು. ನನ್ನ ಯಾವ ಶಿಷ್ಯನೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ನಾವು ಭದ್ರಾವತಿಗೆ ಮರಳಿದೆವು. ಮಗಳ ಮನೆಯಿಂದ ಎರಡು ಬೀದಿ ಆಚೆಗೆ, ತಿಂಗಳ ಬಾಡಿಗೆಗೆ. ಇದು ಹತ್ತನೆಯ ಮನೆ. ಸಾಮಾನಿನ ಗಾಡಿಯಲ್ಲಿ ಚಾಲಕನ ಪಕ್ಕ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವರು ಶಿವಮೊಗ್ಗದ ಒಡೆಯರೇ. ಇಳಿಸಿ, ಬೆವರೊರೆಸಿಕೊಂಡು, “ಬರ್ತೀನಿ ಮೇಷ್ಟ್ರೇ,” ಎಂದು ಕಾಲು ಮುಟ್ಟಿದರು. ನನ್ನ ಹಣವನ್ನು ಹೇಳದೆ ಅಪಾಯಕ್ಕೊಡ್ಡಿದವರೂ, ತಾವು ಕಟ್ಟಿದ ಮನೆ ಮಾರಿ ಅದನ್ನು ಹಿಂದಿರುಗಿಸಿದವರೂ ಅವರೇ. ಎರಡನ್ನೂ ನಾನು ಮರೆಯಲಾರೆ. ಎರಡನೆಯದನ್ನೇ ಹೆಚ್ಚು ನೆನೆಯುತ್ತೇನೆ.

ಮಂಡಿಯ ಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಈಗ ಮನೆಯಾಕೆ ನನಗಿಂತ ಮುಂದೆ ನಡೆಯುತ್ತಾಳೆ, ತಿರುಗಿ ನೋಡಿ ಬೇಗ ಬನ್ನಿ ಎನ್ನುತ್ತಾಳೆ.

ಈ ಪ್ರಸಂಗದಲ್ಲಿ ಪಾಲುಗೊಂಡ ಸಕಲರಿಗೂ ಭಗವಂತ ಸನ್ಮಂಗಳವನ್ನು ಉಂಟುಮಾಡಲಿ. ತನ್ನ ಕಟ್ಟುನಿಟ್ಟಿನ ಕೆಲಸವನ್ನು ಕನಿಕರದಿಂದ ಮಾಡಿದ ಆ ಅಧಿಕಾರಿಣಿಯ ಹೊಲಗಳಲ್ಲಿ ತೆನೆ ತುಂಬಿ ಬಾಗಲಿ. ಗುರುವನ್ನು ಉಳಿಸಲು ಅಡ್ಡದಾರಿಯನ್ನೂ ಹುಡುಕಿದ ಶಿಷ್ಯನಿಗೆ ನೇರದಾರಿಯಲ್ಲೇ ಯಶಸ್ಸು ಸಿಗಲಿ. ಬಿರುಕನ್ನು ಕಂಡು ಮನೆ ಕೊಂಡವರ ಗೋಡೆಗಳು ಒಣಗಿ ಗಟ್ಟಿಯಾಗಲಿ. ಸತ್ಯವನ್ನು ಮೆಟ್ಟಿಲ ಮೇಲಿನಿಂದ ಕೂಗಿ ಹೇಳಿದ ಆ ಸಾಧ್ವಿಯ ಅಂಗೈಯ ಪೂಜೆ ಎಂದೂ ತಪ್ಪದಿರಲಿ. ಚಾಪೆಯ ಮೇಲೆ ಕುಳಿತ ಅವಳ ಗಂಡನಿಗೆ ತಲೆಯಿರುವ ಗಿರಾಕಿಗಳು ಧಾರಾಳವಾಗಿ ಬರಲಿ. ಕಾಫಿಯ ಲೋಟ ಹಿಡಿದು ಸಮಯಕ್ಕೆ ಸರಿಯಾಗಿ ಹೊರಬಂದ ನನ್ನ ಮನೆಯಾಕೆಗೆ ದೀರ್ಘಾಯುಸ್ಸಾಗಲಿ. ಇದನ್ನು ಓದಿದವರ ಸೂರು, ಸ್ವಂತದ್ದೋ ಬಾಡಿಗೆಯದೋ, ತಣ್ಣಗಿರಲಿ.